ಕಾರ್ಬೈನಿನ ಮೇಲಿನ ಹೆಬ್ಬೆರಳು

ಪರದೇಶದಲ್ಲಿ ನಾವಿದ್ದ ಜಾನ್ಸನ್‌ವಿಲ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಅಂಕಲ್, ಕಾರ್ಬೈನ್ ಎನ್ನುವ ಹಳೆಯ ಗಿಡ್ಡ ಸೇನಾ ಬಂದೂಕುಗಳ ಲೋಹದ ಮೇಲಿನ ಲೇಪ ಕಾರ್ಖಾನೆಯದೋ ಆಮೇಲೆ ಹಾಕಿಸಿದ್ದೋ ಎಂದು ಗುರುತಿಸಬಲ್ಲವರಾಗಿದ್ದರು. ಯಾರು ಬಂದೂಕು ತಂದರೂ, "ಮೇಲಿನ ಹೊಳಪು ಬಿಡಿ, ಒಳಗಡೆ ನೋಡೋಣ" ಎಂದು ಮರದ ಹೊದಿಕೆಯ ತಿರುಪು ಬಿಚ್ಚುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ವಯಸ್ಸಾದ ಹೆಂಗಸೊಬ್ಬರು ತೀರಿಹೋದ ಅಪ್ಪನ ಕಾರ್ಬೈನ್ ತಂದರು. ಹೊರಗೆಲ್ಲ ಹೊಸ ಕಪ್ಪು ಲೇಪ. ಮರ ಕಳಚಿದಾಗ ನಳಿಗೆಯ ಮೇಲೆ ಹಳೆಯ ಬೂದು ಲೇಪ ಹಾಗೇ ಇತ್ತು. ಅದರಲ್ಲೊಂದು ಹೆಬ್ಬೆರಳಿನ ಗುರುತು. ಅಂಕಲ್ ಎಣ್ಣೆ ಹಾಕಿ ಒರೆಸಿದರು. ಗೆರೆಗಳು ಇನ್ನಷ್ಟು ಎದ್ದು ಕಂಡವು.

"ಲೇಪಕ್ಕೆ ಮುಂಚೆ ಯಾರೋ ಬರಿಗೈಲಿ ಮುಟ್ಟಿದಾರೆ," ಎಂದು ನನಗೆ ಮೆಲ್ಲಗೆ ಹೇಳಿದರು. "ಬೆರಳಿನ ಜಿಡ್ಡಿದ್ದ ಕಡೆ ಲೇಪ ಸರಿಯಾಗಿ ಹಿಡಿದಿಲ್ಲ. ಗುರುತು ಸಣ್ಣದು, ಫ್ಯಾಕ್ಟರಿ ಹುಡುಗಿ ಇರ್ಬೇಕು. ಸತ್ತು ಎಷ್ಟು ವರ್ಷ ಆಯ್ತೋ. ಇನ್ನೂ ಹಿಡ್ಕೊಂಡೇ ಇದಾಳೆ ನೋಡಿ."

ಆ ಹೆಂಗಸಿಗೆ ಒಳಗಿನ ಲೇಪ ಕಾರ್ಖಾನೆಯದೇ ಎಂದಷ್ಟೇ ತಿಳಿಸಿ, ಅವಸರದಲ್ಲಿ ಮರದ ಹೊದಿಕೆಯನ್ನು ಮತ್ತೆ ಕೂರಿಸಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

ಆ ವಾರ ನಮ್ಮಲ್ಲಿಗೆ ಕಾಫಿಗೆ ಬಂದ ಅಂಕಲ್ ಕೈಗವಸು ತೆಗೆಯಲೇ ಇಲ್ಲ. "ಚಳಿನಾ ಅಂಕಲ್?" ಎಂದು ನನ್ನ ಹೆಂಡತಿ ಕೇಳಿದಳು.

"ಇಲ್ಲಮ್ಮ," ಎನ್ನುತ್ತ ಗವಸಿನ ಕೈಯಲ್ಲೇ ಲೋಟ ಎತ್ತಿಕೊಂಡರು. "ಮುಟ್ಟಿದ ಕಡೆಯೆಲ್ಲ ನಾನು ಉಳ್ಕೊಂಡ್ಬಿಟ್ರೆ?"