ಕಡಿದರೂ ಇಡಿಯಾಗಿ ನಿಂತ ತೆಂಗು

ಜವಳಿ ವಿನ್ಯಾಸವೆಂದರೆ ದೊಡ್ಡ ಊರಿನವರ ಸೊತ್ತೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಕೊಬ್ಬರಿ ಮಂಡಿಗಳ ತಿಪಟೂರಿನಲ್ಲೇ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ಅಂಚೇ ಕಾಣದ ಚಿತ್ತಾರಗಳನ್ನು ಹುಟ್ಟಿಸಿ, ಸುತ್ತಲ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಆ ವಿದ್ಯೆಯನ್ನು ಧಾರೆಯೆರೆದವರು ನಮ್ಮ ಗುರುಗಳಾದ ಶ್ರೀಮತಿ ರಹಮತುನ್ನೀಸಾ ಅವರು. ಅವರ ನಿವೃತ್ತಿಯ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಶಿಷ್ಯೆಯಾದ ನನಗೆ ಒದಗಿದೆ. ನಾಲ್ಕರಲ್ಲಿ ಮುಗಿಸುವುದು ಮಾತ್ರ ಕಷ್ಟ.

ದರ್ಜಿಗಳ ಮನೆಯಲ್ಲಿ ಹುಟ್ಟಿದ ಅವರು ನಮ್ಮ ಮಹಿಳಾ ತರಬೇತಿ ಸಂಸ್ಥೆಗೆ ಚಿತ್ರಕಲಾ ಶಿಕ್ಷಕಿಯಾಗಿ ಸೇರಿ, ಕಂಪ್ಯೂಟರ್ ಬಂದಾಗ ನಲವತ್ತು ದಾಟಿದ್ದರೂ ಸಂಕೋಚಪಡದೆ ಕಲಿತರು. ತುರುವೇಕೆರೆಯ ಕೊನೇ ಬಸ್ಸು ತಪ್ಪಿದವರಿಗೆ ಅವರ ಮನೆಯಲ್ಲೇ ಊಟ, ಹಾಸಿಗೆ. ಶಿವರಾತ್ರಿಯ ಉಪವಾಸದವರಿಗೆ ಹಣ್ಣು ಹೆಚ್ಚಿಟ್ಟು ಕಾಯುತ್ತಿದ್ದರು. ಬೈಗುಳವೂ ಧಾರಾಳವಾಗಿತ್ತು.

೨೦೦೧ರಲ್ಲಿ ವಿಭಾಗಕ್ಕೇ ಕುತ್ತು ಬಂತು. "ಹೂವ ಬರೆಯೋಕೆ ಕಂಪ್ಯೂಟರ್ ಯಾಕ್ರೀ?" ಎಂದ ಪ್ರಾಂಶುಪಾಲ ಮಲ್ಲಿಕಾರ್ಜುನಯ್ಯನವರು, ಹೊರಗಿನಿಂದ ಒಂದು ವಿನ್ಯಾಸಕ್ಕಾದರೂ ಬೇಡಿಕೆ ಬಾರದಿದ್ದರೆ ವರ್ಷಾಂತ್ಯಕ್ಕೆ ವಿಭಾಗ ಮುಚ್ಚುವುದಾಗಿ ತಿಳಿಸಿಬಿಟ್ಟರು. ಅಷ್ಟರಲ್ಲಿ ತುಮಕೂರಿನ ಬಟ್ಟೆ ಮುದ್ರಣದ ಕಾರ್ಖಾನೆಯೊಂದು ಬೆಡ್‌ಶೀಟಿಗೆ ತೆಂಗಿನ ಚಿತ್ತಾರದ ಮಾದರಿ ಕೇಳಿತು. ಇಂಥ ಚಿತ್ತಾರಕ್ಕೆ ಒಂದೇ ಚೌಕ ಬರೆದರೆ ಸಾಕು, ಅದೇ ಬಟ್ಟೆಯುದ್ದಕ್ಕೂ ಮರುಕಳಿಸುತ್ತದೆ. ಆದರೆ ಚೌಕಕ್ಕೆ ಚೌಕ ಸೇರುವ ಗೆರೆ ಕಾಣಬಾರದು.

ನಾವೆಲ್ಲ ತೋಟದವರ ಮಕ್ಕಳು. ಮರವನ್ನು ಚೌಕದ ನಟ್ಟನಡುವೆ ನಿಲ್ಲಿಸಿ, ಗಾಳಿ ಬೆಳಕಿಗೆಂಬಂತೆ ಸುತ್ತಲೂ ಜಾಗ ಬಿಟ್ಟೆವು. ಅದನ್ನು ಪರದೆ ತುಂಬ ಹರಡಿ ನೋಡಿದ ಮೇಡಂ, "ಸಸಿ ನೆಟ್ಟಂಗೆ ನೆಟ್ಟಿದ್ದೀರಲ್ರೇ! ಇದು ತೋಟ ಆಯ್ತು, ಬಟ್ಟೆ ಆಗ್ಲಿಲ್ಲ" ಎಂದು ನಕ್ಕರು. ಮರ ಅಂಚು ದಾಟಬೇಕು, ಬಲಕ್ಕೆ ಕಡಿದದ್ದು ಎಡದಿಂದ ಬರಬೇಕು ಎಂದರು. ಕಡಿಯುವ ಮಾತು ಕೇಳಿದ್ದೇ ಶೆಟ್ಟಿಕೆರೆಯ ಗಿರಿಜಾಂಬಿಕಾ ಮೌಸು ಬಿಟ್ಟು ಎದ್ದಳು.

"ಫಲ ಬಿಡೋ ತೆಂಗು ಕಡೀಬಾರ್ದು ಮೇಡಂ. ನಮ್ಮನೇಲಿ ಒಪ್ಪಲ್ಲ."

ನಾವೂ ಕೆಲಸ ಬಿಟ್ಟು ಕೈಕಟ್ಟಿ ನಿಂತೆವು. ಬೇರೆಯವರಾಗಿದ್ದರೆ ಗದರುತ್ತಿದ್ದರು. ಮೇಡಂ, "ಆ ಪಾಪ ನನಗಿರ್ಲಿ ಬುಡಮ್ಮ" ಎಂದು ತಾವೇ ಕುಳಿತು ಚಿತ್ರವನ್ನು ಅರ್ಧದಷ್ಟು ಪಕ್ಕಕ್ಕೆ ಸರಿಸಿದರು. ಮರ ಎರಡು ಸೀಳಾಗಿ ಎರಡಂಚಿಗೆ ಹೋಯಿತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ತೆರವಾದ ನಡುವಿಗೆ ಹೊಂಬಾಳೆ, ಗರಿ, ಎಳನೀರ ಗೊನೆ ತುಂಬಿ, ಚೌಕವನ್ನು ಮತ್ತೆ ಪರದೆಯುದ್ದಕ್ಕೂ ಹರಡಿದರು.

"ಈಗ ಕಣ್ಬುಡು. ಕಡ್ದಿರೋ ಮರ ಯಾವ್ದು, ತೋರ್ಸು ನೋಡಣ."

ಅವಳು ಬೆರಳಿಟ್ಟು ಸಾಲುಸಾಲೇ ಹುಡುಕಿದಳು. ಎಲ್ಲವೂ ಇಡೀ ಮರಗಳು. "ಒಂದೂ ಇಲ್ವಲ್ಲ ಮೇಡಂ!" ಎಂದವಳೇ ಕುರ್ಚಿ ಎಳೆದುಕೊಂಡು ಕುಳಿತಳು, ಕೆಲಸ ಮುಗಿಯುವವರೆಗೆ ನಮಗಾರಿಗೂ ಮೌಸು ಬಿಟ್ಟುಕೊಡಲಿಲ್ಲ.

ಕಾರ್ಖಾನೆಯವರು ಮಾದರಿಯನ್ನು ಮೇಜಿನ ಮೇಲೆ ಹಾಸಿ ಜೋಡಣೆ ಎಲ್ಲಿದೆಯೆಂದು ತಡಕಾಡಿ ಸೋತು, ಆ ಕ್ಷಣವೇ ಒಪ್ಪಿದರು. ನಮ್ಮ ತೆಂಗು ಬೆಡ್‌ಶೀಟಾಗಿ ತಿಪಟೂರಿನ ಅಂಗಡಿಗಳಲ್ಲೇ ತೂಗಾಡಿತು. ಪ್ರಾಂಶುಪಾಲರು ಒಂದನ್ನು ಕೊಂಡು ಬಗಲಲ್ಲಿಟ್ಟುಕೊಂಡು ಲ್ಯಾಬಿಗೆ ಬಂದರು. "ನಾನು ಸೋತೆ ಕಣ್ರೀ. ಮುಚ್ಚೋ ಮಾತು ಬುಡಿ, ಇನ್ನೆರಡು ಕಂಪ್ಯೂಟರ್ ತರಿಸ್ತೀನಿ" ಎಂದರು. ನಾವು ಹಾಕಿದ ಕೇಕೆಗೆ ರೈಲ್ವೆ ಸ್ಟೇಷನ್ನಿನವರೂ ಬೆಚ್ಚಿರಬೇಕು!

ಮೇಡಂ, ನಿಮಗೆ ತುಂಬು ಆಯುಸ್ಸು, ಕಣ್ಣಿಗೆ ಬೆಳಕು, ಕೈಗೆ ಕಸುವು ಇರಲಿ. ಮನೆಯಲ್ಲೂ ಚಿತ್ತಾರ ಬರೆಯುತ್ತಲೇ ಇರಿ. ಇಲ್ಲಿಯ ಚಿಂತೆ ಬೇಡ. ಅಂದು ಮುಚ್ಚಬೇಕಿದ್ದ ಆ ಬಾಗಿಲನ್ನು ಈಗ ದಿನಾ ಬೆಳಿಗ್ಗೆ ತೆಗೆದು, ನಿಮ್ಮ ಕುರ್ಚಿಯಲ್ಲಿ ಕುಳಿತು ಪಾಠ ಮಾಡುತ್ತಿರುವವಳು ಗಿರಿಜಾಂಬಿಕಾ.