ಚೆಸ್ಸಿನ ಬೀಗರ ವಿಚಾರಣೆ

ಎರಡು ವರ್ಷದ ಹಿಂದೆ, ನನಗಾಗ ಎಪ್ಪತ್ತೊಂದು. ಚೆಸ್ ಆಡುವ ಮೊಮ್ಮಗಳು ದೀಪಾಳ ಜೊತೆ ಖಾನಾಪುರದಿಂದ ಬೆಳಗಾವಿಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಪ್ರತಿಸಲ ಅವಳನ್ನು ಸೋಲಿಸುವ ಧಾರವಾಡದ ಹುಡುಗಿ ಮುಂದಿನ ವಾರ ಮತ್ತೆ ಎದುರಾಗುವವಳಿದ್ದಳು. ಅವಳ ಆಟವನ್ನು ಮೊದಲೇ ಅರಿಯಲು, ಆಟಗಾರರ ಹಳೆಯ ಆಟಗಳನ್ನೆಲ್ಲ ಕೂಡಿಟ್ಟ ಸಾಫ್ಟ್‌ವೇರ್ ಬೇಕಿತ್ತು. ಅಂಗಡಿಯವನು ಎರಡು ತೋರಿಸಿ, ಬಣ್ಣಬಣ್ಣದ್ದನ್ನೇ ಹೊಗಳಿದ.

“ಬಣ್ಣ ಇರಲೋ ತಮ್ಮಾ. ಹೆಣ್ಣು ಕೊಡೂ ಮುಂದ ಬೀಗರ ಊರಾಗ ವಿಚಾರಸ್ತೇವಲ್ಲ, ಹಂಗ ನೋಡು. ಆ ಧಾರವಾಡದಾಕಿ ಯಾವುದ್ರಾಗ ಅದಾಳ?” ಎಂದೆ.

ಬಣ್ಣದ್ದರಲ್ಲಿ ಅವಳಿರಲಿಲ್ಲ. ಇನ್ನೊಂದರಲ್ಲಿ ಅವಳ ಆಟಗಳಿದ್ದವು. ಅದನ್ನೇ ಕೊಂಡೆವು. ಅಷ್ಟರಲ್ಲಿ ದೀಪಾ ಕಿರುಚಿದಳು: “ಅಯ್ಯ ಆಯೀ, ಇದ್ರಾಗ ನನ್ನ ಆಟನೂ ಅದಾವ! ಎಲ್ಲಾದ್ರಾಗೂ ಅದೇ ಕಾಲಾಳು ಮೊದಲ ನಡಸೇನಿ!”

ಅಂದರೆ ಬೀಗರೂ ನಮ್ಮನ್ನು ವಿಚಾರಿಸಿಯೇ ಬರುತ್ತಿದ್ದರು. ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಕೂತಾಗ, ದೀಪಾ ಬೇರೆ ಕಾಲಾಳು ಮೊದಲು ನಡೆಸುವತನಕ ನಾನು ಚಹಾ ಕೊಡಲಿಲ್ಲ.