ವಾಪಸ್ ತೆಗೆದ ತಿದ್ದುಪಡಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ಮನೆಯವರಿಗಷ್ಟೇ ಅಲ್ಲ, ನಮ್ಮ ಬೀದಿಗೂ ಗೊತ್ತಿರುವ ವಿಷಯ. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿ, ದನಿ ಏರಿಸಿದ್ದನ್ನು ಮಾತ್ರ ಇವತ್ತಿನವರೆಗೂ ನೋಡಿಲ್ಲ. ಶಾಮನೂರಿನ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಹೊಂದಿಕೊಂಡು ಬಂದಿದ್ದೇವೆ ಎಂದರೆ ಅದರಲ್ಲಿ ನನ್ನ ಪಾಲೇನೂ ಇಲ್ಲ. ಬೆಳಗ್ಗೆ ನಾನು ಸ್ಕೂಟರ್ ಹತ್ತಿ ನಿಜಲಿಂಗಪ್ಪ ಬಡಾವಣೆಯ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡಲು ಹೋಗುತ್ತೇನೆ. ಅಕ್ಕ ಮನೆಯಲ್ಲೇ ಇರುತ್ತಾರೆ. ಹೀಗೆ ಬರೆಯುವಾಗಲೇ ನನಗೆ ಸಿಟ್ಟು ಬರುತ್ತದೆ. ಇಂಜಿನಿಯರಿಂಗ್ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವರು ಮಕ್ಕಳು, ಮಾವನವರ ಪಥ್ಯ, ಗದ್ದೆಗೆ ಹೋಗುವ ಬುತ್ತಿ ಎಲ್ಲವನ್ನೂ ನೋಡಿಕೊಂಡು, ನಡುವೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಶುರುವಾದದ್ದು ಗದ್ದೆಯ ಮೋಟರಿನಿಂದ. ತ್ರೀಫೇಸ್ ಕರೆಂಟ್ ಬಂದ ಕೂಡಲೇ ತಾನಾಗಿ ಮೋಟರ್ ಆನ್ ಆಗುವಂತೆ ಅಕ್ಕ ಒಂದು ಪುಟ್ಟ ಬೋರ್ಡ್ ಮಾಡಿದರು. ಅದಕ್ಕೊಂದು ಪ್ರೋಗ್ರಾಂ ಬರೆದರು. ನಾವು ಬರೆದ ಪ್ರೋಗ್ರಾಮನ್ನು ಬೋರ್ಡಿನ ಚಿಪ್‌ಗೆ ಅರ್ಥವಾಗುವ ಆದೇಶಗಳಾಗಿ ಇಳಿಸಿಕೊಡುವುದೇ ಕಂಪೈಲರು. ಅಕ್ಕ ಬರೆದದ್ದನ್ನು ಓದುತ್ತ ಓದುತ್ತ ಆ ಕಂಪೈಲರೇ ಮುಗ್ಗರಿಸಿ ಬಿತ್ತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳಿಗೆ ಲೂಪ್ ಎನ್ನುತ್ತಾರೆ. ಒಳಗೆ ಏನೂ ಇಲ್ಲದ ಒಂದು ಬಗೆಯ ಖಾಲಿ ಲೂಪ್ ಕಂಡರೆ ಅದಕ್ಕೆ ದಿಕ್ಕೇ ತೋಚುತ್ತಿರಲಿಲ್ಲ. ಅಕ್ಕ ಆ ಸಾಲನ್ನು ಬೇರೆ ಥರ ಬರೆದು ಮೋಟರ್ ಓಡಿಸಿದರು. ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು.

"ಮೋಟರ್ ಓಡ್ತೈತಲ್ರಿ ಅಕ್ಕ, ಇನ್ನೇನು?" ಎಂದೆ.

"ನಂದು ಓಡ್ತೈತೆ. ಇದೇ ಸಾಲು ಇನ್ನೊಬ್ರು ಬರೆದ್ರೆ ಅವ್ರದ್ದೂ ಬೀಳ್ತೈತಲ್ಲ" ಎಂದರು.

ಆ ಕಂಪೈಲರ್ ಒಬ್ಬರ ಸ್ವತ್ತಲ್ಲ. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಎಲ್ಲರಿಗೂ ತೆರೆದಿಟ್ಟದ್ದು. ಯಾವ ಊರಿನವರಾದರೂ ಇಳಿಸಿಕೊಂಡು, ತಮ್ಮ ಮನೆಯಲ್ಲೇ ಪೂರ್ತಿ ಕಂಪೈಲರನ್ನು ಕಟ್ಟಿ, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಕಟ್ಟುವುದಕ್ಕೆ ಅಕ್ಕ ಬಿಲ್ಡ್ ಎನ್ನುತ್ತಿದ್ದರು. ಮಕ್ಕಳ ಓದಿಗೆಂದು ತಂದಿದ್ದ ಹಳೇ ಕಂಪ್ಯೂಟರಿನಲ್ಲಿ ಅದನ್ನು ಬಿಲ್ಡ್ ಮಾಡಲು ಕುಳಿತರು. ಸಾವಿರಾರು ಕಡತಗಳು. ಒಂದೊಂದೇ ಮುಗಿದಂತೆ ಪರದೆಯ ಕೆಳಗಿನ ಸಾಲಿನಲ್ಲಿ ಅಂಕಿ ಏರುತ್ತಿತ್ತು. ಅಕ್ಕ ಒಗ್ಗರಣೆ ಹಾಕಿ ಬಂದು ನೋಡುವರು, ಬಟ್ಟೆ ಒಣಹಾಕಿ ಬಂದು ನೋಡುವರು. ಕರೆಂಟ್ ಹೋದರೆ ನಾನು ಇಲಾಖೆಯವರಿಗೆ ಶಾಪ ಹಾಕುತ್ತಿದ್ದೆ. ಅವರು, "ಎಲ್ಲಿಗೆ ನಿಂತೈತೋ ಅಲ್ಲಿಂದಲೇ ಮತ್ತ ಶುರು ಆಗ್ತೈತೆ, ನೀ ಯಾಕ ಬಾಯಿ ನೋಯಿಸ್ಕೊಳ್ತಿ" ಎನ್ನುತ್ತಿದ್ದರು.

ಕೈ ಕೊಟ್ಟದ್ದು ಕೊನೆಯಲ್ಲಿ. ಎಲ್ಲ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ಹೊತ್ತಿಗೆ ಕಂಪ್ಯೂಟರಿನ ಮೆಮೊರಿ ಸಾಲದೆ ಇಡೀ ಯಂತ್ರ ಸ್ತಬ್ಧವಾಯಿತು. ಮೌಸ್ ಕೂಡ ಅಲುಗಾಡಲಿಲ್ಲ. ನಾನಾಗಿದ್ದರೆ ಎತ್ತಿ ಕುಕ್ಕುತ್ತಿದ್ದೆ. ಅಕ್ಕ ಮತ್ತೆ ಮೊದಲಿನಿಂದ ಯೋಚಿಸಿದರು. ಜೋಡಿಸುವ ಕೆಲಸ ಒಂದು ಸಲಕ್ಕೆ ಒಂದೇ ನಡೆಯಲಿ ಎಂದು ಕಟ್ಟು ಹಾಕಿದರು. ತಮಗೆ ಬೇಡದ ಬೇರೆ ಚಿಪ್‌ಗಳಿಗೆಂದಿದ್ದ ಭಾಗವನ್ನೆಲ್ಲ ಬಿಟ್ಟರು. ಕಂಪೈಲರು ತನ್ನ ಕೆಲಸವನ್ನು ತಾನೇ ಹೆಜ್ಜೆಹೆಜ್ಜೆಗೂ ಪರೀಕ್ಷಿಸಿಕೊಳ್ಳುವ ಒಂದು ಬಿಗಿ ತಪಾಸಣೆ ಇರುತ್ತದಂತೆ, ಅದು ಭಾರವೆಂದು ಅದನ್ನೂ ಆಫ್ ಮಾಡಿದರು. ಆಗ ಬಿಲ್ಡ್ ಮುಗಿಯಿತು. ತಪ್ಪು ಹುಡುಕಿದರು, ಕೆಲವೇ ಸಾಲುಗಳ ತಿದ್ದುಪಡಿ ಬರೆದು ಕಳಿಸಿದರು. ಎಲ್ಲೋ ದೂರದ ದೇಶದವರೊಬ್ಬರು ಅದನ್ನು ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಉತ್ತರ ಒಪ್ಪಿ ಸೇರಿಸಿಕೊಂಡರು.

ಅವತ್ತು ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಕೈ ಹಿಟ್ಟಾಗಿದ್ದರಿಂದ ಮೊಬೈಲಿಗೆ ಬಂದ ಮೇಲ್ ಅನ್ನು ನಾನೇ ಓದಿ ಹೇಳಬೇಕಾಯಿತು. ಬಡಿಯುವುದನ್ನು ನಿಲ್ಲಿಸಿ, "ಇನ್ನೊಂದ್ಸಲ ಓದು" ಎಂದರು. ಓದಿದೆ.

"ಯಾರ ಸೊಸೆ, ಯಾರ ಹೆಂಡ್ತಿ, ಎಲ್ಲಿ ನೌಕರಿ ಅಂತ ಒಬ್ರೂ ಕೇಳ್ಲಿಲ್ಲ ನೋಡು. ಬರೆದಿದ್ದು ಸರಿ ಐತೋ ಇಲ್ಲೋ ಅಷ್ಟೇ ನೋಡಿದ್ರು" ಎಂದರು. ಮತ್ತೆ ರೊಟ್ಟಿ ಬಡಿಯುತ್ತ, "ಅದು ಅಲ್ಲೇ ಉಳೀಬೇಕು ಅಂತ ಆಸೆ" ಎಂದರು. ಅಕ್ಕನ ಬಾಯಲ್ಲಿ ತಮಗೋಸ್ಕರ ಆಸೆ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೂ ಅದು ಉಳಿಯಲೇಬೇಕು ಎನಿಸಿತು.

ಮರುದಿನವೇ ಇನ್ನೊಂದು ಮೇಲ್ ಬಂತು. ಹೊಸ ತಿದ್ದುಪಡಿ ಸೇರಿದ ಮೇಲೆ ಅಲ್ಲಿಯ ಒಂದು ಪರೀಕ್ಷಾ ಯಂತ್ರದಲ್ಲಿ ಕಂಪೈಲರು ಬಿದ್ದಿದೆ, ಸದ್ಯಕ್ಕೆ ನಿಮ್ಮ ಬದಲಾವಣೆಯನ್ನು ವಾಪಸ್ ತೆಗೆಯಲೇ ಎಂದು ಅದೇ ದೂರದವರು ಕೇಳಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಅಲ್ರಿ ಅಕ್ಕ, ನಿನ್ನೆ ಒಪ್ಪಿ ಇವತ್ತು ತೆಗೀತಾರಂದ್ರೆ ಏನು, ಹುಡುಗಾಟಾನ? ಬರೀರಿ, ಆಗಂಗಿಲ್ಲ ಅಂತ ಬರೀರಿ. ನಾ ಹೇಳ್ತೀನಿ, ನೀವು ಟೈಪ್ ಮಾಡ್ರಿ."

ಅಕ್ಕ ಟೈಪ್ ಮಾಡಿದರು. ತೆಗೆಯಿರಿ, ಕಾರಣ ಹುಡುಕಿಕೊಂಡು ಬರುತ್ತೇನೆ. ಅಷ್ಟೇ. "ಅಲ್ಲಿ ಎಷ್ಟೋ ಜನ ಅದರ ಮ್ಯಾಲೆ ಕೆಲಸ ಮಾಡ್ತಿರ್ತಾರೆ. ನಂದು ಅಡ್ಡ ನಿಂತ್ರೆ ಎಲ್ರದ್ದೂ ನಿಲ್ತೈತೆ. ಮೊದ್ಲು ದಾರಿ ಬಿಡಬೇಕು" ಎಂದರು. ತಮ್ಮ ಕೈಯಾರೆ ಅದನ್ನು ಬಿಟ್ಟುಕೊಟ್ಟರು. ಆ ದಿನ ಮಾತ್ರ ರೊಟ್ಟಿ ಸೀದುಹೋಗಿತ್ತು.

ತಪ್ಪಿನ ಜಾಡು ಹಿಡಿಯುವುದು ಅಕ್ಕನಿಗೆ ಕಷ್ಟವಾಗಲಿಲ್ಲ. ತಾವು ಭಾರವೆಂದು ಆಫ್ ಮಾಡಿದ್ದ ಬಿಗಿ ತಪಾಸಣೆ ಅಲ್ಲಿಯ ಯಂತ್ರದಲ್ಲಿ ಆನ್ ಇತ್ತು. ಇಲ್ಲಿ ಕಾಣದ್ದು ಅಲ್ಲಿ ಕಂಡಿತ್ತು. ಅದನ್ನು ಆನ್ ಮಾಡಿ ಬಿಲ್ಡ್ ಮಾಡಲು ನಮ್ಮ ಹಳೇ ಕಂಪ್ಯೂಟರಿಗೆ ತ್ರಾಣವಿರಲಿಲ್ಲ. ನನ್ನ ತವರು ಹರಿಹರ. ಅಲ್ಲಿ ನನ್ನ ಅಣ್ಣನಿಗೆ ಲೇತ್ ಮೆಷಿನ್ನುಗಳ ಒಂದು ವರ್ಕ್‌ಶಾಪ್ ಇದೆ, ಡ್ರಾಯಿಂಗ್ ಮಾಡಲು ದೊಡ್ಡ ಮೆಮೊರಿಯ ಕಂಪ್ಯೂಟರ್ ಇಟ್ಟಿದ್ದಾನೆ. ಭಾನುವಾರ ರಜೆ. ಬೆಳಗ್ಗೆಯೇ ಅಕ್ಕನನ್ನು ಬಸ್ ಹತ್ತಿಸಿಕೊಂಡು ಹೋದೆ.

"ಬರ್ರಿ ಅಕ್ಕಾರೆ, ಕೂಡ್ರಿ" ಎಂದು ಅಣ್ಣ ಕುರ್ಚಿಯ ಮೇಲಿನ ಲೋಹದ ಪುಡಿ ಒರೆಸಿದ. ನನ್ನ ಕಡೆ ತಿರುಗಿ, "ನೀ ಜಗಳಕ್ಕೆ ಬಂದಿಯೋ ಸುಮ್ನ ಬಂದಿಯೋ?" ಎಂದ.

"ಕಂಪ್ಯೂಟರ್ ಕೊಡು, ಮಾತು ಆಮೇಲೆ" ಎಂದೆ.

ಅಕ್ಕ ತಮ್ಮ ತಿದ್ದುಪಡಿ ಸೇರಿಸಿ ಬಿಲ್ಡ್ ಶುರು ಮಾಡಿದರು. ಆ ಯಂತ್ರದಲ್ಲಿ ಅಂಕಿ ಸರಸರನೆ ಏರಿತು. ಆದರೂ ಅತ್ತಿಗೆ ಮಾಡಿದ ಊಟ ಮುಗಿಸಿ, ಎಲೆ ಅಡಿಕೆಯೂ ಆಗಿ, ಅಣ್ಣ ಒಂದು ನಿದ್ದೆ ತೆಗೆದು ಎದ್ದ ಮೇಲೆಯೇ ಬಿಲ್ಡ್ ಮುಗಿದದ್ದು. ಅಕ್ಕ ಗದ್ದೆಯ ಮೋಟರಿಗೆ ಮೊದಲು ಬರೆದಿದ್ದ ಪ್ರೋಗ್ರಾಮನ್ನು ಅದಕ್ಕೆ ಉಣಿಸಿದರು. ಕಂಪೈಲರು ಬಿತ್ತು. ಪರದೆಯ ತುಂಬ ತಪ್ಪಿನ ಸಾಲುಗಳು.

"ಬಿತ್ತು" ಎಂದರು ಅಕ್ಕ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅವರ ಮಕ್ಕಳ ರಿಸಲ್ಟ್ ಬಂದಾಗಲೂ ಕಂಡಿಲ್ಲ.

ಅಣ್ಣ ಗಾಬರಿಯಾಗಿ, "ಏನಾತ್ರಿ, ನಮ್ಮ ಮೆಷಿನ್ ಹಾಳಾತಾ?" ಎಂದ.

"ಇಲ್ರಿ ಅಣ್ಣಾರೆ. ನಾನು ಮಾಡಿದ್ದು ತಪ್ಪು ಅಂತ ಈಗ ನನ್ನ ಕಣ್ಣಿಗೇ ಕಂಡಂಗಾತು."

"ಅದಕ್ಕ ನಗ್ತೀರಾ? ನಮ್ಮ ಹುಡುಗಿ ಆಗಿದ್ರೆ ಇಷ್ಟೊತ್ತಿಗೆ ನನ್ನ ಕಂಪ್ಯೂಟರ್ ಹೊಳೆ ಪಾಲಾಗ್ತಿತ್ತು."

ತನ್ನ ತಪ್ಪು ಸಿಕ್ಕಿತೆಂದು ಹೀಗೆ ಹಿಗ್ಗುವವರನ್ನು ನಾನು ಸ್ಟಾಫ್ ರೂಮಿನಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ನನ್ನ ಅಕ್ಕ ಎಂಥವರು ಎಂದು ಎದೆ ತುಂಬಿ ಬಂತು.

ಆಗಿದ್ದೇನೆಂದರೆ, ಖಾಲಿ ಲೂಪ್ ಕಂಡರೆ ಅಕ್ಕನ ತಿದ್ದುಪಡಿ ಅದನ್ನು ಒಂದು ಕಡೆ ಅಳಿಸುತ್ತಿತ್ತು, ಅದೇ ಲೂಪ್ ಇನ್ನೂ ಇದೆ ಎಂದು ಕಂಪೈಲರಿನ ಇನ್ನೊಂದು ಕಡೆಯ ಲೆಕ್ಕದಲ್ಲಿ ಉಳಿದುಬಿಡುತ್ತಿತ್ತು. ಅಲ್ಲಿಂದಲೂ ಅಳಿಸುವಂತೆ ತಿದ್ದಿದರು. ಮತ್ತೆ ಬಿಲ್ಡ್ ಮಾಡಿದರು. ಈ ಸಲ ಬದಲಾದ ಕಡತಗಳಷ್ಟೇ ಆದ್ದರಿಂದ ಬೇಗ ಮುಗಿಯಿತು. ಕಂಪೈಲರು ಬೀಳಲಿಲ್ಲ. ಇನ್ನೇನು ಹೊರಡೋಣ ಎಂದರೆ ಅಕ್ಕ ಏಳಲಿಲ್ಲ. ಮೋಟರಿನ ಪ್ರೋಗ್ರಾಮಿನಲ್ಲಿ ಆ ತೊಂದರೆಗೆ ಬೇಕಾದಷ್ಟನ್ನೇ ಉಳಿಸಿ, ಮಿಕ್ಕದ್ದನ್ನೆಲ್ಲ ಕತ್ತರಿಸಿ, ಅಂಗೈಯಗಲದ ಒಂದು ಪರೀಕ್ಷೆ ಬರೆದರು. ಕಂಪೈಲರಿಗೆ ಮುಂದೆ ಯಾರು ಏನೇ ಬದಲಾವಣೆ ತಂದರೂ ಅದು ಮೊದಲು ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕು. ತಿದ್ದುಪಡಿ, ಪರೀಕ್ಷೆ ಎರಡನ್ನೂ ಕಳಿಸಿ ಬಸ್ ಹತ್ತಿದೆವು. ಆ ವಾರದಲ್ಲೇ ಎರಡೂ ಸೇರಿದವು. ಯಾವ ಯಂತ್ರವೂ ಬೀಳಲಿಲ್ಲ. ನಾನು ಪಿ.ಜೆ. ಬಡಾವಣೆಯಿಂದ ಸಿಹಿ ತಂದು ಮಾವನವರ ಪಥ್ಯ ಕೆಡಿಸಿದೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅಕ್ಕ, "ನನ್ನ ಸಾಲುಗಳನ್ನ ತೆಗೆದ್ರು" ಎಂದರು, ಹಾಲು ಕಾಯಿತು ಎನ್ನುವಷ್ಟೇ ದನಿಯಲ್ಲಿ. ಯಾರೋ ಒಬ್ಬರು ಆ ಇಡೀ ಭಾಗವನ್ನು ಹೊಸದಾಗಿ, ಇನ್ನೂ ಸರಳವಾಗಿ ಬರೆದಿದ್ದರು. ಅಕ್ಕ ಬರೆದದ್ದರಲ್ಲಿ ಒಂದು ಸಾಲೂ ಉಳಿದಿರಲಿಲ್ಲ.

ನಾನು ಕೂಗಾಡಿದೆ. ಕೃತಜ್ಞತೆಯಿಲ್ಲದವರು ಎಂದೆ. ಅಷ್ಟು ಕಷ್ಟಪಟ್ಟದ್ದಕ್ಕೆ ಇದೇನಾ ಫಲ ಎಂದೆ. ಉಳಿಯಬೇಕು ಎಂದು ಆಸೆಪಟ್ಟವರು ಅವರು, ಕಣ್ಣಲ್ಲಿ ನೀರು ನನಗೆ.

"ಬಾ ಇಲ್ಲಿ" ಎಂದು ಅಕ್ಕ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಹೊಸ ಸೋರ್ಸ್ ಕೋಡ್ ಇಳಿಸಿ ಆಗಲೇ ಬಿಲ್ಡ್ ಮುಗಿಸಿದ್ದರು. ಅದರೊಳಗೆ ಪರೀಕ್ಷೆಗಳ ರಾಶಿಯಲ್ಲಿ, ಹರಿಹರದಲ್ಲಿ ಬರೆದ ಆ ಅಂಗೈಯಗಲದ ಪರೀಕ್ಷೆ ಒಂದಕ್ಷರ ಬದಲಾಗದೆ ಹಾಗೇ ಕೂತಿತ್ತು. ಹೊಸದಾಗಿ ಬರೆದವರೂ ಅದನ್ನು ದಾಟಿಯೇ ಒಳಗೆ ಬಂದಿದ್ದರು.

ಅಕ್ಕ ಅದನ್ನು ಓಡಿಸಿದರು. ಅವರ ಒಂದು ಸಾಲೂ ಇಲ್ಲದ ಕಂಪೈಲರು ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿತು.

"ನೋಡು, ಕಲ್ತ್ಕೊಂಡೈತೆ" ಎಂದರು ಅಕ್ಕ.